ಶನಿವಾರದ ಗುಳಿಗೆ

ಕ್ವೀನ್ಸ್‌ಬರಿ

ಕ್ಯಾಮರೂನಿನಿಂದ ಮರಳಿ ಬಂದ ಹದಿನೇಳನೆಯ ದಿನ ನನ್ನ ಅಣ್ಣ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರವಾಸ ಕಥನ ಎಂದರೆ ಜಲಪಾತ, ಸಮುದ್ರತೀರ, ಪರದೇಶದ ಊಟ ಎಂದುಕೊಂಡು ಓದಲು ಕೂತವರಿಗೆ ಕೊನೆಯಲ್ಲಿ ಮೋಸವಾಗಬಾರದು. ಜಲಪಾತವೂ ಇದೆ, ಊಟವೂ ಇದೆ. ಜೊತೆಗೆ ಮಧ್ಯ ಆಫ್ರಿಕಾದ ಕಡೆ ಹೊರಟವರು ಏನು ಕಟ್ಟಿಕೊಳ್ಳಬೇಕು, ಏನು ನುಂಗಬೇಕು, ಯಾರಿಗೆ ಏನು ಬಾಯಿಬಿಟ್ಟು ಹೇಳಬೇಕು ಎನ್ನುವುದೂ ಇದೆ. ಇದರಲ್ಲಿ ಅರ್ಧ ನನಗೆ ಪುಸ್ತಕಗಳಿಂದ ಗೊತ್ತಿತ್ತು. ಉಳಿದರ್ಧ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿತ್ತು.

ತೊಂಬತ್ತರ ದಶಕದ ಕೊನೆಯ ಮಾತಿದು. ನಾವು ವಿಜಾಪುರದವರು. ಅಣ್ಣ ರಾಘವೇಂದ್ರ ಅಕ್ಸ್‌ಬ್ರಿಡ್ಜ್‌ನಲ್ಲಿ ನೀರೆತ್ತುವ ಪಂಪುಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಶ್ರೀಪಾದ, ಅವನಿಗಿಂತ ಆರು ವರ್ಷ ಚಿಕ್ಕವ, ಕೌನ್ಸಿಲ್ ಲೈಬ್ರರಿಯಲ್ಲಿ ಕೆಲಸ. ಕ್ವೀನ್ಸ್‌ಬರಿಯಲ್ಲಿ ಅಣ್ಣನ ಮನೆಗೂ ನನ್ನ ಫ್ಲ್ಯಾಟಿಗೂ ಎರಡು ಬೀದಿಯ ಅಂತರ. ಮದುವೆಯಾಗದ ಮೈದುನನಿಗೆ ಎರಡು ಬೀದಿ ಯಾವ ದೂರ? ವಾರದಲ್ಲಿ ಐದು ದಿನ ನನ್ನ ಊಟ ಅಲ್ಲೇ ಆಗುತ್ತಿತ್ತು. ಅತ್ತಿಗೆಯನ್ನು ನಮ್ಮ ಕಡೆ ವೈನಿ ಎನ್ನುತ್ತೇವೆ. ವೈನಿ ಎರಡು ರೊಟ್ಟಿ ಜಾಸ್ತಿಯೇ ಬಡಿಯುತ್ತಿದ್ದರು.

ಕ್ಯಾಮರೂನಿನ ಹಳ್ಳಿಯೊಂದರ ಶಾಲೆಗೆ ಅಣ್ಣನ ಕಂಪನಿ ಪಂಪು ಕಳಿಸಿತ್ತು. ಅದನ್ನು ಕೂರಿಸಿ, ಅಲ್ಲಿಯವರಿಗೆ ಕಲಿಸಿ ಬರಲು ಒಬ್ಬರು ಬೇಕಿತ್ತು. ಅಣ್ಣ ಕೈಯೆತ್ತಿದ. ಅದೇ ಸಂಜೆ ಊಟಕ್ಕೆ ಕೂತಾಗ ನನಗೂ ಗಂಟುಬಿದ್ದ.

“ನೀನೂ ಬಾರೋ. ನಿನಗ ಫ್ರೆಂಚ್ ಬರ್ತದ, ನನಗ ಪಂಪ್ ಬರ್ತದ. ಇಬ್ರೂ ಕೂಡಿದ್ರ ಒಬ್ಬ ಶಾಣ್ಯಾ ಆಗ್ತೀವಿ.”

ನನ್ನ ಫ್ರೆಂಚ್ ಲೈಬ್ರರಿಯ ಕ್ಯಾಸೆಟ್ಟುಗಳದು. ಬೇಕರಿಯಲ್ಲಿ ಬ್ರೆಡ್ ಕೇಳಬಲ್ಲೆ, ರೈಲು ಎಷ್ಟು ಹೊತ್ತಿಗೆ ಎಂದು ಕೇಳಬಲ್ಲೆ, ಉತ್ತರ ಬಂದರೆ ತಿಳಿಯದು. ಆದರೂ ಹೂಂ ಅಂದೆ. ಮರುದಿನವೇ ಲೈಬ್ರರಿಯಲ್ಲಿ ಆ ಭಾಗದ ಬಗ್ಗೆ ಇದ್ದ ಪುಸ್ತಕಗಳನ್ನೆಲ್ಲ ಹೊತ್ತು ತಂದು, ಒಂದು ನೋಟ್‌ಬುಕ್ ಮಾಡಿ, ಸೊಳ್ಳೆಪರದೆಯಿಂದ ಹಿಡಿದು ಟಾರ್ಚಿನ ಸೆಲ್ಲಿನವರೆಗೆ ಎಲ್ಲವನ್ನೂ ಬರೆದುಕೊಂಡೆ. ಪುಸ್ತಕ ಓದಿದವನಿಗೆ ಇರುವ ಜಂಬ ಊರು ನೋಡಿದವನಿಗೂ ಇರುವುದಿಲ್ಲ.

ಅಕ್ಸ್‌ಬ್ರಿಡ್ಜ್

ಅಣ್ಣನ ಆಫೀಸಿನ ಹತ್ತಿರದ ಟ್ರಾವೆಲ್ ಕ್ಲಿನಿಕ್ಕಿಗೆ ಇಬ್ಬರೂ ಹೋದೆವು. ವಯಸ್ಸಾದ ನರ್ಸ್, ನಗುಮುಖದವರು. ಹಳದಿಜ್ವರದ ಸೂಜಿ ಚುಚ್ಚಿ, ಅದಕ್ಕೊಂದು ಹಳದಿ ಪುಸ್ತಿಕೆ ಕೊಟ್ಟರು. ಮಲೇರಿಯಾಕ್ಕೆ ವಾರಕ್ಕೊಂದು ಗುಳಿಗೆ. ಹೊರಡುವ ಎರಡು ವಾರ ಮೊದಲೇ ಶುರುಮಾಡಿ, ಬಂದ ಮೇಲೂ ನಾಲ್ಕು ವಾರ ತಪ್ಪದೆ ನುಂಗಬೇಕು.

“ವಾರದಲ್ಲಿ ನಿಮಗೆ ಮರೆಯದೇ ಇರುವ ದಿನ ಯಾವುದು?” ಎಂದು ನರ್ಸ್ ಕೇಳಿದರು. “ಯಾವುದಾದರೂ ಆದೀತು, ಆದರೆ ಕೊನೆಯವರೆಗೂ ಅದೇ ದಿನ.”

ಅಣ್ಣ ತಲೆ ಕೆರೆದುಕೊಳ್ಳುತ್ತಿದ್ದ. ನಾನು ತಡಮಾಡಲಿಲ್ಲ. “ಶನಿವಾರ,” ಎಂದೆ. “ನಮ್ಮಣ್ಣ ಇಪ್ಪತ್ತು ವರ್ಷಗಳಿಂದ ಒಂದು ಶನಿವಾರವನ್ನೂ ಮರೆತಿಲ್ಲ.”

ಅದು ನಿಜ. ಎಂಜಿನಿಯರಿಂಗ್ ಓದುವಾಗ ಗಣಿತದ ಪೇಪರು ಎರಡು ಸಲ ಕೈಕೊಟ್ಟಿತ್ತು. ಮೂರನೆಯ ಸಲ ಮಾರುತಿಗೆ ಶನಿವಾರದ ಉಪವಾಸ ಹೇಳಿಕೊಂಡ. ಪಾಸಾದ. ಪಾಸಾದ ಮೇಲೆ ಉಪವಾಸ ಯಾವಾಗ ನಿಲ್ಲಿಸಬೇಕು ಎಂದು ಹೇಳಿಕೊಳ್ಳುವುದನ್ನು ಮರೆತಿದ್ದರಿಂದ ಅದು ನಿಲ್ಲಲೇ ಇಲ್ಲ. ಶನಿವಾರ ಬೆಳಗಿನಿಂದ ಚಹಾ, ಒಂದೆರಡು ಬಾಳೆಹಣ್ಣು, ಅಷ್ಟೇ. ಅನ್ನ ಕಾಣುವುದು ಭಾನುವಾರ ಸ್ನಾನವಾದ ಮೇಲೆ. ಅಕ್ಸ್‌ಬ್ರಿಡ್ಜ್‌ನ ಆಫೀಸಿನವರೂ ಶನಿವಾರ ಅವನನ್ನು ಯಾವ ಪಾರ್ಟಿಗೂ ಕರೆಯುತ್ತಿರಲಿಲ್ಲ.

ನರ್ಸಿಗೆ ಇದೇನೂ ಗೊತ್ತಿಲ್ಲ. ಖುಷಿಯಾಗಿ ಚೀಟಿಯಲ್ಲಿ ಶನಿವಾರ ಎಂದು ಬರೆದರು. ಆಮೇಲೆ, “ಹೊಟ್ಟೆ ತುಂಬ ಊಟ ಮಾಡಿ, ಊಟದ ಮೇಲೆ ನುಂಗಬೇಕು. ದೊಡ್ಡ ಲೋಟ ನೀರು ಕುಡಿಯಬೇಕು. ವಾಂತಿಯಾದರೆ ಫೋನ್ ಮಾಡಿ,” ಎಂದರು. ನಾನು ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ಸಾಲು, ಶನಿವಾರ. ಅದರ ಕೆಳಗಿನ ಸಾಲು, ಹೊಟ್ಟೆ ತುಂಬ ಊಟದ ಮೇಲೆ. ಎರಡೂ ನನ್ನ ಕೈಬರಹವೇ. ಅಣ್ಣನ ಉಪವಾಸ ನನಗೆ ಎಷ್ಟು ಅಭ್ಯಾಸವಾಗಿ ಹೋಗಿತ್ತೆಂದರೆ, ಉಪವಾಸ ಎಂದರೆ ಹೊಟ್ಟೆ ಖಾಲಿ ಇರುವುದು ಎಂಬುದೇ ತಲೆಗೆ ಬರಲಿಲ್ಲ.

ಹೊರಡುವ ದಿನ ವೈನಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಬಾಗಿಲಲ್ಲಿ ನನ್ನನ್ನು ಬದಿಗೆ ಕರೆದರು.

“ಶ್ರೀಪಾದ, ಇವರನ್ನ ನಂಬಿ ನಾ ಕಳಸ್ಲಿಕ್ಕತ್ತಿಲ್ಲ. ನಿನ್ನ ನಂಬೀನಿ. ಗುಳಿಗಿ ನೀನ ಕೈಯಾಗ ಇಟ್ಟು, ನುಂಗೂತನಕ ಮುಂದ ನಿಂದರಬೇಕು.”

“ನುಂಗಸ್ತೀನ್ರಿ ವೈನಿ. ನೋಟ್‌ಬುಕ್ಕಿನ್ಯಾಗ ಗುರುತು ಹಾಕಿ ತಂದು ತೋರಸ್ತೀನಿ,” ಎಂದೆ. ಏನೋ ಹೇಳಲು ಬಾಯಿ ತೆರೆದವರು ಮತ್ತೆ ಮುಚ್ಚಿಕೊಂಡರು. ಟ್ಯಾಕ್ಸಿ ಹಾರನ್ ಹೊಡೆಯುತ್ತಿತ್ತು.

ಡುವಾಲಾ

ಡುವಾಲಾದಲ್ಲಿ ವಿಮಾನದ ಬಾಗಿಲು ತೆರೆದಾಗ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಬಡಿಯಿತು. ವಿಜಾಪುರದ ಬಿಸಿಲು ನೆತ್ತಿ ಸುಡುತ್ತದೆ, ಆದರೆ ಒಣ ಬಿಸಿಲು. ಇಲ್ಲಿ ನಿಂತಲ್ಲೇ ಅಂಗಿ ಒದ್ದೆ.

ಮೊದಲ ಎಡವಟ್ಟು ಅಲ್ಲಿಯೇ ಆಯಿತು. ಆ ದೇಶದಲ್ಲಿ ಪಾಸ್‌ಪೋರ್ಟಿಗಿಂತ ಮೊದಲು ಕೇಳುವುದು ಹಳದಿ ಪುಸ್ತಿಕೆಯನ್ನು. ಅಣ್ಣ ಅದನ್ನು ಜೋಪಾನವಾಗಿರಲಿ ಎಂದು ಮಾರುತಿಯ ಪಟದ ಜೊತೆ ರೇಷ್ಮೆ ವಸ್ತ್ರದಲ್ಲಿ ಸುತ್ತಿ ದೊಡ್ಡ ಸೂಟ್‌ಕೇಸಿನ ತಳದಲ್ಲಿಟ್ಟಿದ್ದ. ಸೂಟ್‌ಕೇಸು ಬರುವುದು ಗೇಟಿನ ಆಚೆ, ಪುಸ್ತಿಕೆಯಿಲ್ಲದೆ ಗೇಟು ದಾಟುವಂತಿಲ್ಲ. ಪಕ್ಕದ ಕೋಣೆಯಲ್ಲಿ ಮತ್ತೊಂದು ಸೂಜಿ ಚುಚ್ಚಿಸಿಕೊಳ್ಳಿ ಎಂದರು. ನನ್ನ ಕ್ಯಾಸೆಟ್ ಫ್ರೆಂಚಿನಲ್ಲಿ ನಾನು ಬೇಡಿಕೊಂಡೆ. ಕೊನೆಗೆ ಒಬ್ಬ ಹೆಂಗಸು ಕರುಣೆಯಿಂದ ಅಣ್ಣನನ್ನು ಸೂಟ್‌ಕೇಸಿನ ಬಳಿಗೆ ಕರೆದೊಯ್ದಳು. ನೂರು ಜನರೆದುರು ಅವನು ಬನಿಯನ್ನು, ಪಂಚೆ, ರೊಟ್ಟಿಯ ಡಬ್ಬಿ ಎಲ್ಲ ತೆಗೆದು ಹರವಿ ಪಟ ಹೊರತೆಗೆದ. ಹಳದಿ ಪುಸ್ತಿಕೆ ಪಾಸ್‌ಪೋರ್ಟಿನ ಒಳಗೇ ಇರಲಿ. ದೇವರ ಹತ್ತಿರ ಇಡಬೇಡಿ.

ಕ್ರಿಬಿಯ ದಾರಿ

ನಮ್ಮನ್ನು ಕರೆದೊಯ್ಯಲು ಆ ಶಾಲೆಯ ಮೇಷ್ಟರು ಪಿಯೇರ್ ಬಂದಿದ್ದರು. ನಲವತ್ತರ ಆಸುಪಾಸು, ಮೆಲುಮಾತಿನ ಮನುಷ್ಯ, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಹಾಗಾಗಿ ನನ್ನ ಫ್ರೆಂಚಿಗೆ ಕೆಲಸವೇ ಉಳಿಯಲಿಲ್ಲ. ಮರುದಿನ ಬೆಳಿಗ್ಗೆ ಅವರ ಹಳೇ ಕಾರಿನಲ್ಲಿ ಹಳ್ಳಿಯತ್ತ ಹೊರಟೆವು. ಅವತ್ತು ಶನಿವಾರ.

ದಾರಿಬದಿಯಲ್ಲಿ ಬಾಳೆಹಣ್ಣು ಮಾರುತ್ತಿದ್ದ ಹೆಂಗಸಿಗೆ ನಾನು ಕಾರಿನಿಂದಲೇ, “ಎಷ್ಟು?” ಎಂದೆ. ಆಕೆ ಮುಖ ತಿರುಗಿಸಿದಳು. ಇನ್ನೊಮ್ಮೆ ಕೂಗಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಪಿಯೇರ್ ಕೆಳಗಿಳಿದು, ನಮಸ್ಕಾರ ಹೇಳಿ, ರಾತ್ರಿ ನಿದ್ದೆ ಹೇಗಾಯಿತು, ಮಕ್ಕಳು ಹೇಗಿದ್ದಾರೆ ಎಂದೆಲ್ಲ ವಿಚಾರಿಸಿದರು. ಆಮೇಲೆ ಒಂದು ಗೊನೆಯೇ ಬಂತು, ಮೇಲೆ ನಾಲ್ಕು ಹಣ್ಣು ಪುಕ್ಕಟೆ. ನಮ್ಮೂರಲ್ಲೂ ಹೀಗೇ ಅಲ್ಲವೇ? “ಊಟ ಆತೇನ್ರೀ” ಅನ್ನದೆ ಯಾರೂ ಕೆಲಸದ ಮಾತಿಗೆ ಇಳಿಯುವುದಿಲ್ಲ. ಲಂಡನ್ನಿನ ಟ್ಯೂಬ್ ರೈಲಿನಲ್ಲಿ ಹತ್ತು ವರ್ಷ ಎದುರುಬದುರು ಕೂತವರ ಹೆಸರೂ ಕೇಳದೆ ಬದುಕಿ, ನಾನು ನಮ್ಮ ರೀತಿಯನ್ನೇ ಮರೆತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಒಂದು ತಪಾಸಣೆ ಠಾಣೆ. ರಸ್ತೆಗೆ ಅಡ್ಡ ಮೊಳೆ ಹೊಡೆದ ಹಲಗೆ, ಅದಕ್ಕೊಂದು ಹಗ್ಗ, ಹಗ್ಗದ ತುದಿಯಲ್ಲಿ ಮರದ ನೆರಳಿನಲ್ಲಿ ಕೂತ ಕಾವಲಿನವನು. ನಾನು ಅಸಲಿ ಪಾಸ್‌ಪೋರ್ಟುಗಳನ್ನೇ ಕೈಗಿಟ್ಟೆ. ಅವನು ಅವನ್ನು ಜೇಬಿಗಿಳಿಸಿ ಊಟಕ್ಕೆ ಕೂತ. ಜೆರಾಕ್ಸ್ ಪ್ರತಿ ಮಾಡಿಸಿ ಠಸ್ಸೆ ಹೊಡೆಸಿಕೊಂಡು ಇಟ್ಟುಕೊಳ್ಳಿ, ಮೊದಲು ಅದನ್ನೇ ಕೊಡಿ. ಆದರೆ ಮನುಷ್ಯ ಕೆಟ್ಟವನಲ್ಲ. ನಮ್ಮನ್ನೂ ಊಟಕ್ಕೆ ಕರೆದ. ಮರಗೆಣಸನ್ನು ರುಬ್ಬಿ, ಎಲೆಯಲ್ಲಿ ಉದ್ದಕ್ಕೆ ಸುತ್ತಿ ಬೇಯಿಸಿದ್ದು. ಮಂಗಳೂರು ಕಡೆಯವರ ಎಲೆ ಕಡುಬು ನೋಡಿದವರಿಗೆ ಗುರುತು ಸಿಕ್ಕೀತು. ರುಚಿ ಮಾತ್ರ ಸ್ವಲ್ಪ ಹುಳಿ. ನಾನು ತಿಂದೆ. ಅಣ್ಣ ಕೈಮುಗಿದು ಬೇಡ ಎಂದ.

ಕಾವಲಿನವನ ಮುಖ ಗಂಟಾಯಿತು. ಇವನಿಗೆ ನನ್ನ ಊಟ ಹೊಲಸು ಅನಿಸಿತೇನೋ ಎಂದು ಭಾವಿಸಿರಬೇಕು. ಪಿಯೇರ್ ಮುಂದೆ ಬಂದು ಏನೋ ಹೇಳಿದರು. ಅವನು ಥಟ್ಟನೆ ಎದ್ದು ಕೈತೊಳೆದು, ಎರಡೂ ಕೈಯಲ್ಲಿ ಪಾಸ್‌ಪೋರ್ಟುಗಳನ್ನು ಅಣ್ಣನಿಗೆ ಒಪ್ಪಿಸಿದ.

“ಏನಂದ್ರಿ ಅವನಿಗೆ?” ಎಂದು ಕಾರಿನಲ್ಲಿ ಕೇಳಿದೆ.

“ಉಪವಾಸ ಇದ್ದಾರೆ ಅಂದೆ,” ಎಂದರು ಪಿಯೇರ್. “ತನ್ನ ಹೆಸರಿನಲ್ಲೂ ಪ್ರಾರ್ಥಿಸಲು ಹೇಳಿದ.”

ಅಣ್ಣನಿಗೆ ಹೇಳತೀರದ ಸಂತೋಷ. “ನೋಡಿದೇನೋ? ಲಂಡನ್ನಿನ್ಯಾಗ ಉಪಾಸ ಅಂದ್ರ ಡಯೆಟ್ಟಾ ಅಂತಾರ. ಇಲ್ಲೆ ಎದ್ದು ನಿಂದ್ರತಾರ,” ಎಂದ. ಎಲ್ಲರೂ ಆ ಉಪವಾಸಕ್ಕೆ ಮರ್ಯಾದೆ ಕೊಟ್ಟರು. ಅದರ ಬಗ್ಗೆ ಒಂದು ಪ್ರಶ್ನೆ ಕೇಳಬೇಕಾಗಿದ್ದವನು ನಾನು, ನಾನೂ ಮರ್ಯಾದೆಯನ್ನೇ ಕೊಟ್ಟೆ.

ಹಳ್ಳಿ

ಶಾಲೆಯ ಹಿಂದಿನ ಕೋಣೆಯಲ್ಲಿ ನಮ್ಮ ಬಿಡಾರ. ಸಂಜೆ ಅಣ್ಣ ಚಹಾ ಕುಡಿದು ಎರಡು ಬಾಳೆಹಣ್ಣು ತಿಂದ. ನಾನು ಗುಳಿಗೆಯನ್ನು ಅಂಗೈಯಲ್ಲಿಟ್ಟು ಮುಂದೆ ನಿಂತೆ. ನುಂಗಿದ. ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆ. ನನ್ನದನ್ನು ನಾನು ಅನ್ನ ಉಂಡ ಮೇಲೆ ನುಂಗಿದೆ. ಸ್ವಲ್ಪ ಹೊತ್ತಿಗೆ ಅಣ್ಣ ಎದ್ದು ಹಿತ್ತಲಿಗೆ ಹೋದ. ಓಕರಿಕೆಯ ಸದ್ದು ಕೇಳಿತು. ಬಾಯಿ ಒರೆಸಿಕೊಳ್ಳುತ್ತ ಬಂದ.

“ಏನಾತೋ ಅಣ್ಣಾ?”

“ಏನಿಲ್ಲ. ಬಾಳಿಹಣ್ಣು ಕಾಯಿ ಇತ್ತು.”

ನಾನು ನಂಬಿದೆ. ನಂಬುವುದು ಸುಲಭವಾಗಿತ್ತು. ನೋಟ್‌ಬುಕ್ಕಿನಲ್ಲಿ ಗುರುತು ಆಗಲೇ ಬಿದ್ದಿತ್ತಲ್ಲ.

ಮಲಗುವಾಗ ಇನ್ನೊಂದು ಎಡವಟ್ಟು. ಪರದೆ ಎರಡು ತಂದಿದ್ದೆವು, ಕೋಣೆಯ ತೊಲೆಯಲ್ಲಿ ಕೊಕ್ಕೆ ಒಂದೇ. ಸೊಳ್ಳೆಪರದೆ ಒಯ್ಯಿರಿ ಎಂದು ಎಲ್ಲ ಪುಸ್ತಕಗಳೂ ಬರೆದಿದ್ದವು. ಅದನ್ನು ಕಟ್ಟಲು ಹಗ್ಗ, ನಾಲ್ಕು ಮೊಳೆ ಒಯ್ಯಿರಿ ಎಂದು ಯಾವ ಪುಸ್ತಕವೂ ಬರೆದಿರಲಿಲ್ಲ. ನೀವು ಒಯ್ಯಿರಿ.

“ನೀ ಕಟ್ಟಕೋ,” ಎಂದ ಅಣ್ಣ. “ನನಗ ಸಣ್ಣಾಂವಿದ್ದಾಗ ಮಲೇರಿಯಾ ಬಂದು ಹೋಗೇದ. ಒಮ್ಮೆ ಬಂದವ್ರಿಗೆ ಮತ್ತ ಬರೂದಿಲ್ಲ. ಅದೂ ಅಲ್ದ, ವಿಜಾಪುರದ ಸವಳ ನೀರು ಕುಡದ ರಕ್ತ ನಂದು. ಸೊಳ್ಳಿ ಬಾಯಿ ಹಚ್ಚಿ ನೋಡಿ ಉಗುಳ್ತದ.”

ನಾನು ನಕ್ಕೆ. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂಬ ಮಾತು ಸುಳ್ಳೆಂದು ನಾನು ಓದಿದ್ದೆ. ಹುಟ್ಟಿದೂರಿನಲ್ಲಿ ಮೈಗೆ ಬಂದ ಅಷ್ಟಿಷ್ಟು ತಡೆಯೂ ವರ್ಷಗಟ್ಟಲೆ ಲಂಡನ್ನಿನಲ್ಲಿದ್ದವರಿಗೆ ಉಳಿಯುವುದಿಲ್ಲ ಎಂದೂ ಓದಿದ್ದೆ. ಅದನ್ನು ಅರ್ಧ ಹೇಳಿದೆ, ಅವನು ಅಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನು ಪರದೆಯೊಳಗೆ ಹೊಕ್ಕು ಮಲಗಿದೆ. ಅವನಿಗೆ ಹಗ್ಗ, ಮೊಳೆ ಹೊಂದಿಸಿ ಪರದೆ ಕಟ್ಟಿದ್ದು ನಾಲ್ಕನೆಯ ದಿನ. ಮೂರು ರಾತ್ರಿ ಅವನು ಬರಿಮೈಯಲ್ಲಿ ಮಲಗಿದ, ನಾನು ಪರದೆಯೊಳಗಿಂದ ಅವನನ್ನು ನೋಡುತ್ತ ಮಲಗಿದೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಉಳಿದಂತೆ ಆ ಎರಡು ವಾರ ಅಣ್ಣನ ಬದುಕಿನಲ್ಲೇ ಒಳ್ಳೆಯ ದಿನಗಳು. ಬೆಳಗಿನಿಂದ ಸಂಜೆಯವರೆಗೆ ಬಾವಿಯ ಹತ್ತಿರವೇ. ಅವನಿಗೆ ಫ್ರೆಂಚ್ ಬಾರದು, ಅಲ್ಲಿಯ ಹೆಂಗಸರಿಗೆ ಇಂಗ್ಲಿಷ್ ಬಾರದು. ಅವನು ಶುದ್ಧ ವಿಜಾಪುರದ ಭಾಷೆಯಲ್ಲಿ, “ಅವ್ವಾ, ಆ ಪಾನಾ ಕೊಡಬೇ,” ಎನ್ನುವುದು, ಅವರು ಸರಿಯಾದ ಸ್ಪ್ಯಾನರನ್ನೇ ಎತ್ತಿಕೊಡುವುದು. ಮೊದಲ ನೀರು ಬಂದಾಗ ಒಬ್ಬಾಕೆ ಬೊಗಸೆಯಲ್ಲಿ ಹಿಡಿದು ಅಣ್ಣನ ತಲೆಗೇ ಸುರಿದಳು. ಕಹಿ ಎಲೆಯನ್ನು ಶೇಂಗಾ ಜೊತೆ ಅರೆದು ಮಾಡುವ ಪಲ್ಯವೊಂದು ಅವರಲ್ಲಿದೆ. ಅದಕ್ಕೆ ಸೀಗಡಿ ಹಾಕುತ್ತಾರೆ. ಅಣ್ಣನಿಗಾಗಿ ಹೊಸ ಮಡಕೆಯಲ್ಲಿ ಬೇರೆ ಮಾಡಿ ತಂದರು. ಅವನು ಕಡಕ್ ರೊಟ್ಟಿಯ ಜೊತೆ ಅದನ್ನು ಚಪ್ಪರಿಸಿ ತಿಂದು, “ನಮ್ಮ ಮೆಂತೆ ಪಲ್ಯಾದ ಬೀಗರು ಇವ್ರು,” ಎಂದ.

ಎರಡನೆಯ ಶನಿವಾರವೂ ಚಹಾ, ಬಾಳೆಹಣ್ಣು, ಗುಳಿಗೆ. ನುಂಗಿದ ಮೇಲೆ, “ಒಂದೀಟು ಅಡ್ಡಾಡಿ ಬರ್ತೀನಿ,” ಎಂದು ಹೊರಗೆ ಹೋದ. ನಾನು ಗುರುತು ಹಾಕಿದೆ.

ಕ್ರಿಬಿ

ಕೆಲಸ ಮುಗಿದ ಮೇಲೆ ಪಿಯೇರ್ ನಮ್ಮನ್ನು ಕ್ರಿಬಿಯ ಕಡಲಿಗೆ ಕರೆದೊಯ್ದರು. ಅಲ್ಲಿ ಒಂದು ನದಿ ಬಂಡೆಗಳ ಮೇಲಿಂದ ನೆಟ್ಟಗೆ ಸಮುದ್ರದೊಳಕ್ಕೇ ಬೀಳುತ್ತದೆ. ನಮ್ಮ ಕಡೆ ಜಲಪಾತ ನೋಡಬೇಕೆಂದರೆ ಬೆಟ್ಟ ಹತ್ತಬೇಕು, ಇಲ್ಲಿ ದೋಣಿಯಲ್ಲಿ ಕೂತು ಕಡಲಿನಿಂದ ನೋಡುತ್ತಾರೆ. ಅಣ್ಣನಿಗೆ ತಲೆಸುತ್ತು ಬಂದು ದೋಣಿಯ ಅಂಚು ಹಿಡಿದುಕೊಂಡ. ಆ ಗುಳಿಗೆ ಕೆಲವರಿಗೆ ತಲೆಸುತ್ತು ತರುತ್ತದೆ ಎಂದು ನಾನು ಪುಸ್ತಕದ ಮಾತು ಹೇಳಿದೆ. ಗುಳಿಗೆ ಮೈಗೆ ಹತ್ತಿದ್ದಕ್ಕೆ ಅದೇ ಸಾಕ್ಷಿ ಎಂದೂ ಸೇರಿಸಿದೆ. ಅವನು ನನ್ನ ಮುಖವನ್ನೇ ನೋಡಿದ. ಅದು ಮೂರನೆಯ ಶನಿವಾರ. ಬೆಳಗಿನಿಂದ ಅವನು ಏನೂ ತಿಂದಿರಲಿಲ್ಲ.

ಸಂಜೆ ಸಂತೆಯಲ್ಲಿ ವೈನಿಗೆಂದು ನೀಲಿ ಬಣ್ಣದ ಬಟ್ಟೆ ಕೊಂಡ. ತನಗೇನೂ ಕೊಳ್ಳಲಿಲ್ಲ. ಆಮೇಲೆ ಗುಳಿಗೆ, ಗುರುತು. ಆ ದೇಶದಲ್ಲಿ ನಾನು ಹಾಕಿದ ಗುರುತು ಅಲ್ಲಿಗೆ ಮೂರಾಯಿತು.

ಮತ್ತೆ ಕ್ವೀನ್ಸ್‌ಬರಿ

ಹೊರಟವರು ಮರಳಿ ಬರುತ್ತಾರೆ, ಪ್ರವಾಸ ಮುಗಿಯಿತು ಎಂದುಕೊಳ್ಳುತ್ತಾರೆ. ಮಲೇರಿಯಾ ಹಾಗೆ ಅಂದುಕೊಳ್ಳುವುದಿಲ್ಲ. ಮೈಯೊಳಗೆ ಹೊಕ್ಕು ಒಂದು ವಾರ, ಎರಡು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ಮನಿರುತ್ತದೆ. ಬಂದ ಮೇಲೆ ಜ್ವರ ಬಂದರೆ, ಅದು ಎಂಥ ಸಣ್ಣ ಜ್ವರವಿರಲಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಗುಳಿಗೆ ನುಂಗಿದ್ದೇನೆ ಎನ್ನುವುದು ಅದಕ್ಕೆ ಉತ್ತರವಲ್ಲ. ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ, ಇದಿಷ್ಟು ನೆನಪಿಡಿ.

ಬಂದ ಮೇಲಿನ ಶನಿವಾರದ ಗುಳಿಗೆಯನ್ನೂ ನಾನೇ ಕೈಗಿಟ್ಟು ಗುರುತು ಹಾಕಿದ್ದೆ. ಬಂದ ಹತ್ತನೆಯ ದಿನ ಅಣ್ಣನಿಗೆ ಜ್ವರ ಬಂತು. ಫೆಬ್ರವರಿ ತಿಂಗಳು, ಇಡೀ ಬೀದಿಯೇ ಕೆಮ್ಮುತ್ತಿತ್ತು. ಬಿಸಿಲಿನಿಂದ ಥಂಡಿಗೆ ಬಂದದ್ದಕ್ಕೆ ಹೀಗಾಯಿತು ಎಂದು ವೈನಿ ಕಷಾಯ ಕೊಟ್ಟರು. ಎರಡು ದಿನ ಏರಿತು, ಇಳಿಯಿತು. ಮೂರನೆಯ ದಿನ ಬಡಾವಣೆಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಾಯುವ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ.

ಡಾಕ್ಟರು ಕೇಳಬೇಕಾದ್ದನ್ನೇ ಕೇಳಿದರು. “ಇತ್ತೀಚೆಗೆ ಹೊರದೇಶಕ್ಕೆ ಹೋಗಿದ್ದಿರಾ?”

“ಕ್ಯಾಮರೂನ್,” ಎಂದೆ ನಾನು.

“ಮಲೇರಿಯಾ ಗುಳಿಗೆ ತೆಗೆದುಕೊಂಡರಾ?”

ಅಣ್ಣ ಬಾಯಿ ತೆರೆಯುವ ಮೊದಲೇ ನಾನು ಜೇಬಿನಿಂದ ನೋಟ್‌ಬುಕ್ ತೆಗೆದೆ. “ಒಂದು ವಾರವೂ ತಪ್ಪಿಸಿಲ್ಲ. ನನ್ನ ಕಣ್ಣೆದುರೇ ನುಂಗಿದ್ದಾನೆ. ನೋಡಿ, ಗುರುತು ಹಾಕಿದ್ದೇನೆ.”

ಡಾಕ್ಟರು ಪುಟ ನೋಡಿ, ಇಷ್ಟು ಶಿಸ್ತಿನವರು ಅಪರೂಪ ಎಂದರು. ಜ್ವರದ ಗುಳಿಗೆ ಬರೆದುಕೊಟ್ಟು, ಏನಕ್ಕೂ ಇರಲಿ, ನಾಳೆ ಬೆಳಿಗ್ಗೆ ಬಂದು ರಕ್ತ ಕೊಡಿ ಎಂದರು. ಅಣ್ಣ ಕುರ್ಚಿಯಲ್ಲಿ ತಲೆ ತಗ್ಗಿಸಿ ಕೂತಿದ್ದ. ಜ್ವರದ ಸುಸ್ತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಅವನಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮಾತು ಎಲ್ಲೆಲ್ಲೋ ಹೋಗುತ್ತಿತ್ತು, ವೈನಿಗೆ ಪಾನಾ ಕೊಡು ಎನ್ನುತ್ತಿದ್ದ. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ಒಂದು ತಾಸಿನೊಳಗೆ ರಕ್ತದ ತುಂಬ ಮಲೇರಿಯಾ ಎಂದರು. ಮಿದುಳಿಗೆ ಏರಿತ್ತು, ಮೂತ್ರಪಿಂಡ ಸೋಲುತ್ತಿತ್ತು. ರಕ್ತನಾಳಕ್ಕೇ ಔಷಧಿ ಶುರುಮಾಡಿದರು.

ಅವತ್ತು ಮಧ್ಯಾಹ್ನ ಸ್ವಲ್ಪ ಹೊತ್ತು ಅವನಿಗೆ ಎಚ್ಚರವಿತ್ತು. ವೈನಿ ಡಾಕ್ಟರ ಬಳಿ ಹೋಗಿದ್ದರು. ಅಣ್ಣ ನನ್ನ ಕೈ ಹಿಡಿದ. ಕೈ ಕೆಂಡದಂತಿತ್ತು.

“ಶ್ರೀಪಾದಾ, ಆ ಗುಳಿಗಿ ಒಂದೂ ಹೊಟ್ಟ್ಯಾಗ ನಿಂದರ್ಲಿಲ್ಲೋ. ಎಲ್ಲಾ ಹೊರಗ ಬಂದ್ವು.”

“ಯಾಕ ಹೇಳ್ಲಿಲ್ಲೋ ಅಣ್ಣಾ?”

“ಹೇಳಿದ್ರ ಉಪಾಸ ಬಿಡು ಅಂತಿದ್ದಿ. ನುಂಗೀನಲ್ಲ, ಒಂದೀಟಾದ್ರೂ ಮೈಗೆ ಹತ್ತಿರ್ತದ ಅಂದ್ಕೊಂಡೆ.” ಆಮೇಲೆ, “ನಿಮ್ಮ ವೈನಿಗೆ ಹೇಳಬ್ಯಾಡ,” ಎಂದ.

ನಾನು ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ಈಗ ಅದರಿಂದ ಚಿಕಿತ್ಸೆಯಲ್ಲಿ ಬದಲಾವಣೆಯೇನಿಲ್ಲ ಎಂದರು. ನಿನ್ನೆ ಹೇಳಿದ್ದರೆ ಎಂದು ಅವರು ಅನ್ನಲಿಲ್ಲ. ಅವರು ಅಂದಿದ್ದರೆ ನನಗೆ ಒಳ್ಳೆಯದಿತ್ತು, ಯಾರಾದರೂ ಒಬ್ಬರು ನನ್ನ ಮುಖಕ್ಕೆ ಅದನ್ನು ಹೇಳಬೇಕಿತ್ತು. ಅದಾದ ನಾಲ್ಕನೆಯ ದಿನ ಬೆಳಿಗ್ಗೆ ಅಣ್ಣ ಹೋದ.

ಅಡುಗೆಮನೆ

ತಿಂಗಳ ಮೇಲಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ವೈನಿ ನನಗೆ ಅನ್ನ ಬಡಿಸುತ್ತಿದ್ದರು. ತಟ್ಟೆ ಬದಿಗಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಶನಿವಾರವನ್ನು ಆರಿಸಿದವನು ನಾನು, ಖಾಲಿ ಹೊಟ್ಟೆಗೆ ನುಂಗಿಸಿದವನು ನಾನು, ವಾಂತಿಯ ಸದ್ದು ಕೇಳಿಯೂ ಗುರುತು ಹಾಕಿದವನು ನಾನು, ಡಾಕ್ಟರ ಮುಂದೆ ನೋಟ್‌ಬುಕ್ ಹಿಡಿದವನು ನಾನು. ಅವನು ನಿಮಗೆ ಹೇಳಬೇಡ ಎಂದಿದ್ದ ಎಂಬುದನ್ನೂ ಹೇಳಿದೆ.

ವೈನಿ ಸೌಟನ್ನು ಪಾತ್ರೆಯಲ್ಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತರು.

“ನೀವು ಹೋಗೂಕಿಂತ ಮೊದಲ ಎರಡು ಗುಳಿಗಿ ಇಲ್ಲೇ ನುಂಗಿದ್ರಲ್ಲ,” ಎಂದರು ಆಮೇಲೆ. “ಇವರವು ಎರಡೂ ಆ ಸಿಂಕಿನ್ಯಾಗ ಹೋದ್ವು. ನಾ ಬೆನ್ನು ತಿಕ್ಕಿಕೋತ ನಿಂತಿದ್ದೆ. ತಮ್ಮಗ ಹೇಳಬ್ಯಾಡ, ಹೊಂಟಿದ್ದು ನಿಲ್ಲಸ್ತಾನ ಅಂದ್ರು.”

“ವೈನಿ...”

“ನರ್ಸಿಗೆ ಫೋನ್ ಮಾಡಬೇಕಂತ ನಂಬರ್ ಹಚ್ಚಿದ್ದೆ. ಉಪಾಸಕ್ಕ ಇಂಗ್ಲಿಷಿನ್ಯಾಗ ಹ್ಯಾಂಗ ಹೇಳೂದು, ಆಕಿ ನಕ್ಕರ ಏನು ಮಾಡೂದು ಅಂತ ನಾಚಿಕಿ ಬಂತು. ಇಟ್ಟುಬಿಟ್ಟೆ. ಅವತ್ತ ಬಾಗಲದಾಗ ನಿನಗರ ಹೇಳೋಣ ಅಂತಿದ್ದೆ.”

ಅವರು ಅಳಲಿಲ್ಲ, ನಾನು ಅತ್ತೆ. ಅವನು ವೈನಿಯ ಬಾಯಿಯನ್ನು ತಮ್ಮನಿಗೆ ಹೇಳಬೇಡ ಎಂದು, ನನ್ನದನ್ನು ಬಾಳೆಹಣ್ಣಿನ ನೆಪ ಹೇಳಿ ಮುಚ್ಚಿಸಿದ್ದ, ನಾವಿಬ್ಬರೂ ಅವನ ಮಾತು ಮೀರದೆ ನಡೆದುಕೊಂಡಿದ್ದೆವು. ಒಬ್ಬರು ಇನ್ನೊಬ್ಬರಿಗೆ ಆಗಲೇ ಒಂದು ಮಾತು ಹೇಳಿದ್ದರೂ ಅವನು ಆ ಮೇಜಿನ ಮೂರನೆಯ ಕುರ್ಚಿಯಲ್ಲಿ ಕೂತು ಉಣ್ಣುತ್ತಿದ್ದ. ಆ ಸಿಟ್ಟು ನನಗೆ ಅವನ ಮೇಲೂ ಇದೆ, ಇವತ್ತಿಗೂ ಇದೆ.

ಆಗಲೇ ಫೋನ್ ಬಡಿಯಿತು. ಟೂಟಿಂಗ್‌ನ ರೆಸ್ಟೊರೆಂಟೊಂದರ ಅಡುಗೆಯವರು, ಕುಂದಾಪುರದ ಕಡೆಯವರು, ಉಪಾಧ್ಯ ಎಂದು ಹೆಸರು. ಗ್ಯಾಬೋನ್ ದೇಶದಲ್ಲಿ ಯಾರದೋ ಮದುವೆಗೆ ಅಡುಗೆ ಮಾಡಲು ಮುಂದಿನ ತಿಂಗಳು ಹೊರಟಿದ್ದರು. ಅಣ್ಣ ಆ ಕಡೆ ಹೋಗಿಬಂದದ್ದು ಗೊತ್ತಿತ್ತು, ತೀರಿಕೊಂಡದ್ದು ಗೊತ್ತಿರಲಿಲ್ಲ. ತಿಳಿದಾಗ ಪಾಪ, ಫೋನ್ ಇಡಲು ಹೊರಟರು. ನಾನೇ ತಡೆದು, ಕಣ್ಣೊರೆಸಿಕೊಂಡು, ಹಳದಿ ಪುಸ್ತಿಕೆ, ಜೆರಾಕ್ಸ್ ಪ್ರತಿ, ಹಗ್ಗ, ಮೊಳೆ ಎಲ್ಲ ಒಂದೊಂದಾಗಿ ಹೇಳಿದೆ.

“ಗುಳಿಗೆ ಶುರು ಮಾಡಿದ್ರಾ?”

“ನಾಳೆಯಿಂದ ಮಾರಾಯ್ರೆ. ಎಲ್ಲ ಚೀಟಿಯಲ್ಲಿ ಬರ್ದು ಕೊಟ್ಟಿದ್ದಾರೆ,” ಎಂದರು. ದೊಡ್ಡ ಅಡುಗೆಮನೆಯಲ್ಲಿ ಕೂಗಿ ಕೂಗಿ ರೂಢಿಯಾದ ದನಿ, ಫೋನಿನಿಂದ ಒಂದು ಮಾರು ಆಚೆಗೂ ಕೇಳುತ್ತಿತ್ತು.

ವೈನಿ ಎದ್ದು ಬಂದು ಕೈ ಚಾಚಿದರು. ಫೋನ್ ಕೊಟ್ಟು ಪಕ್ಕದಲ್ಲೇ ಕಿವಿಗೊಟ್ಟು ನಿಂತೆ.

“ನಮಸ್ಕಾರ್ರಿ. ನಾನು ರಾಘವೇಂದ್ರ ಅವರ ಹೆಂಡತಿ. ನೀವು ವಾರದಾಗ ಯಾವತ್ತರ ಉಪವಾಸ ಮಾಡ್ತೀರೇನು?”

“ಸೋಮವಾರ ಮಾಡ್ತೇನಮ್ಮ, ಈಶ್ವರನದ್ದು. ಯಾಕೆ?”

“ಗುಳಿಗಿ ಯಾವ ದಿನ ಬರದಾರ?”

ಆ ಕಡೆ ಕಾಗದ ಬಿಡಿಸಿದ ಸದ್ದು.

“ಹೇಳ್ರಿ.”

“ಸೋಮವಾರವೇ ಅಮ್ಮ,” ಎಂದರು ಉಪಾಧ್ಯರು, ಈ ಸಲ ಮೆಲ್ಲಗೆ. “ನಾನೇ ಹೇಳಿದ್ದು. ಆ ದಿನ ಆದ್ರೆ ಮರೆಯೂದಿಲ್ಲ ಅಂತ.”

ವೈನಿ ಗೋಡೆಗೆ ಒರಗಿಕೊಂಡರು.

“ಬ್ಯಾಡ. ನೀವು ಹೊಟ್ಟಿ ತುಂಬ ಉಣ್ಣೂ ದಿನ ನೋಡಿ ಬರಕೋರಿ. ನಾಳೆ ನರ್ಸಿಗೆ ಫೋನ್ ಮಾಡಿ ನಾ ಉಪಾಸ ಇರ್ತೀನಿ ಅಂತ ಬಾಯಿಬಿಟ್ಟು ಹೇಳ್ರಿ, ನಾಚ್ಕೋಬ್ಯಾಡ್ರಿ. ಈಗ ಪೆನ್ನು ತಗೋರಿ. ನಾ ಫೋನ್ ಹಿಡಕೊಂಡ ಇರ್ತೀನಿ.”